ಎಲಿಕ್ಸಿರ್‌ನಲ್ಲಿ ಪುಟ್ಟ ವೆಬ್ ಸರ್ವರ್: ಎಡವುವುದು ‘ಕಾನ್’ ಬಳಿಯೇ

ಉಡುಪಿಯ ಹೋಟೆಲೊಂದರ ಇವತ್ತಿನ ತಿಂಡಿ ಪಟ್ಟಿ ಗಿರಾಕಿಗಳ ಫೋನಿನಲ್ಲಿ ಕಾಣಬೇಕು ಎಂದಿಟ್ಟುಕೊಳ್ಳಿ. ಇಷ್ಟಕ್ಕೆ ಫೀನಿಕ್ಸ್ ಎಂಬ ದೊಡ್ಡ ವೆಬ್ ಫ್ರೇಮ್‌ವರ್ಕ್ ಬೇಡ. ಎಲಿಕ್ಸಿರ್ ಎಂಬ ಪ್ರೋಗ್ರಾಮಿಂಗ್ ಭಾಷೆ, ವಿನಂತಿ-ಉತ್ತರ ನಿಭಾಯಿಸುವ ಪ್ಲಗ್ ಲೈಬ್ರರಿ, ಬ್ಯಾಂಡಿಟ್ ಎಂಬ ವೆಬ್ ಸರ್ವರ್ ಧಾರಾಳವಾಯಿತು. (ಆಜ್ಞೆಗಳು ಇಲ್ಲಿ ಕನ್ನಡದಲ್ಲಿದ್ದರೂ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರವನ್ನೇ ಒತ್ತಬೇಕು.)

ಮೊದಲು ಎರ್ಲಾಂಗ್ (ಎಲಿಕ್ಸಿರ್ ಓಡುವುದು ಇದರ ಮೇಲೆ), ಆಮೇಲೆ ಎಲಿಕ್ಸಿರ್ ಹಾಕಿಕೊಳ್ಳಿ. ಉಬುಂಟು 22.04ರ ‘ಆಪ್ಟ್’ನಲ್ಲಿ ಸಿಗುವುದು ಎಲಿಕ್ಸಿರ್ 1.12. ಬ್ಯಾಂಡಿಟ್‌ಗೆ ಕನಿಷ್ಠ 1.13 ಬೇಕು. ‘ಎಎಸ್‌ಡಿಎಫ್’ ಎಂಬ ಆವೃತ್ತಿ ನಿರ್ವಹಣೆಯ ಸಾಧನದಿಂದ ಹೊಸದನ್ನೇ ತನ್ನಿ.

‘ಮಿಕ್ಸ್ ನ್ಯೂ ತಿಂಡಿ --ಸಪ್’ ಎಂದು ಪ್ರಾಜೆಕ್ಟ್ ಶುರು ಮಾಡಿ. ‘--ಸಪ್’ ಬಿಟ್ಟರೆ ಅಪ್ಲಿಕೇಶನ್ ಫೈಲೇ ಹುಟ್ಟುವುದಿಲ್ಲ, ಸರ್ವರನ್ನು ಎಲ್ಲಿ ಸೇರಿಸಬೇಕೆಂದು ಹುಡುಕುತ್ತ ಕೂರಬೇಕಾಗುತ್ತದೆ. ‘ಡೆಪ್ಸ್’ (ಬೇಕಾದ ಲೈಬ್ರರಿಗಳ) ಪಟ್ಟಿಗೆ ಪ್ಲಗ್, ಬ್ಯಾಂಡಿಟ್ ಎರಡನ್ನೂ ‘~> 1.0’ ಎಂದು ಸೇರಿಸಿ ‘ಮಿಕ್ಸ್ ಡೆಪ್ಸ್.ಗೆಟ್’ ಕೊಡಿ. ಅಪ್ಲಿಕೇಶನ್ ಫೈಲಿನ ‘ಚಿಲ್ಡ್ರನ್’ ಪಟ್ಟಿಯಲ್ಲಿ ಬ್ಯಾಂಡಿಟ್, ನಿಮ್ಮ ರೂಟರ್ ಮಾಡ್ಯೂಲ್ (ಯಾವ ವಿಳಾಸಕ್ಕೆ ಯಾವ ಉತ್ತರ ಎಂದು ಹೇಳುವ ಭಾಗ), ಪೋರ್ಟ್ 4000 ನಮೂದಿಸಿ. ಹಳೆಯ ಪಾಠಗಳಲ್ಲಿರುವ ಕೌಬಾಯ್ (ಇನ್ನೊಂದು ವೆಬ್ ಸರ್ವರ್) ಸಾಲನ್ನು ಇದರ ಜೊತೆ ಅಂಟಿಸಬೇಡಿ.

ರೂಟರ್‌ನಲ್ಲಿ ‘ಯೂಸ್ ಪ್ಲಗ್.ರೂಟರ್’, ಕೆಳಗೆ ‘ಪ್ಲಗ್ :ಮ್ಯಾಚ್’, ಅದರ ಕೆಳಗೆ ‘ಪ್ಲಗ್ :ಡಿಸ್ಪ್ಯಾಚ್’. ಕ್ರಮ ತಪ್ಪಬಾರದು. ಆಮೇಲೆ ದಾರಿಗಳು, ಅಂದರೆ ಪ್ರತಿ ವಿಳಾಸಕ್ಕೆ ಕೊಡುವ ಉತ್ತರಗಳು.

ಹೆಚ್ಚಿನವರು ಎಡವುವುದು ಇಲ್ಲಿ. ಬಂದ ವಿನಂತಿ ‘ಕಾನ್’ ಎಂಬ ಮೌಲ್ಯವಾಗಿ ನಿಮ್ಮ ಕೈಗೆ ಬರುತ್ತದೆ. ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ರೂಢಿಯಾದವರು ಒಂದು ಸಾಲಿನಲ್ಲಿ ‘ಪುಟ್_ರೆಸ್ಪ್_ಕಂಟೆಂಟ್_ಟೈಪ್’ ಕರೆದು, ಮುಂದಿನ ಸಾಲಿನಲ್ಲಿ ಅದೇ ‘ಕಾನ್’ ಅನ್ನು ‘ಸೆಂಡ್_ರೆಸ್ಪ್’ಗೆ ಕೊಡುತ್ತಾರೆ. ಎಲಿಕ್ಸಿರ್‌ನಲ್ಲಿ ಮೌಲ್ಯ ಬದಲಾಗುವುದಿಲ್ಲ. ಆರ್ಡರ್ ಚೀಟಿಯನ್ನು ತಿದ್ದದೆ ಪ್ರತಿ ಸಲ ಹೊಸ ಚೀಟಿ ಬರೆದು ಕೊಡುವ ಸಪ್ಲೈಯರ್ ಹಾಗೆ, ಮೊದಲ ಸಾಲು ಹೊಸ ‘ಕಾನ್’ ಕೊಟ್ಟಿತ್ತು. ನೀವು ಅದನ್ನು ಹಿಡಿದುಕೊಳ್ಳಲಿಲ್ಲ. ಕಂಪೈಲರ್ ಸೊಲ್ಲೆತ್ತುವುದಿಲ್ಲ, ಪುಟವೂ ತೆರೆಯುತ್ತದೆ. ಆದರೆ ಪುಟ ಯಾವ ಬಗೆಯದು ಎಂದು ಬ್ರೌಸರಿಗೆ ಹೇಳುವ ಹೆಡರ್ ಹೋಗಿರುವುದಿಲ್ಲ. ಅಕ್ಷರಸಂಕೇತವನ್ನು ಬ್ರೌಸರ್ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ‘ಗೋಳಿಬಜೆ’ ಇದ್ದಲ್ಲಿ ತಲೆಯ ಮೇಲೆ ಗೀಟೆಳೆದ ಇಂಗ್ಲಿಷ್ ‘ಎ’ಗಳ ಸಾಲು. ಜನ ಫಾಂಟ್ ಬದಲಿಸಿ ನೋಡುತ್ತಾರೆ. ಫಾಂಟಿಗೂ ಇದಕ್ಕೂ ಸಂಬಂಧವಿಲ್ಲ.

‘ಕಾನ್’ನಿಂದ ಹೊರಟು ‘|>’ ಚಿಹ್ನೆಯಿಂದ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ದಾಟಿಸಿ: ಮೊದಲು ‘ಪುಟ್_ರೆಸ್ಪ್_ಕಂಟೆಂಟ್_ಟೈಪ್’ಗೆ ‘ಟೆಕ್ಸ್ಟ್/ಎಚ್‌ಟಿಎಂಎಲ್’, ನಂತರ ‘ಸೆಂಡ್_ರೆಸ್ಪ್’ಗೆ 200 (‘ಸರಿ’ ಎಂಬ ಸಂಕೇತ) ಮತ್ತು ಪಠ್ಯ. ಯುಟಿಎಫ್-8 ಎಂಬುದನ್ನು ಪ್ಲಗ್ ತಾನೇ ಸೇರಿಸುತ್ತದೆ. ದಾರಿಯ ಕೊನೆಯ ಸಾಲು ‘ಕಾನ್’ ಅನ್ನೇ ಹಿಂದಿರುಗಿಸಬೇಕು. ಪರೀಕ್ಷೆಗೆಂದು ಕೊನೆಯಲ್ಲಿ ‘ಐಒ.ಪುಟ್ಸ್’ ಹಾಕಿದರೆ ಟರ್ಮಿನಲ್‌ನಲ್ಲಿ ಬೈಗುಳ ಗ್ಯಾರಂಟಿ. ‘ಐಒ.ಇನ್‌ಸ್ಪೆಕ್ಟ್’ ತನಗೆ ಬಂದದ್ದನ್ನೇ ಮುಂದೆ ದಾಟಿಸುವುದರಿಂದ ಅದನ್ನು ನಡುವೆ ತೂರಿಸಿದರೂ ತೊಂದರೆಯಿಲ್ಲ.

ಎಲ್ಲಕ್ಕಿಂತ ಕೆಳಗೆ ‘ಮ್ಯಾಚ್ _’ ಬರೆದು 404 (‘ಸಿಗಲಿಲ್ಲ’ ಎಂಬ ಸಂಕೇತ) ಕೊಡಿ. ದಾರಿಗಳನ್ನು ಮೇಲಿನಿಂದ ಕೆಳಗೆ ಹೋಲಿಸುವುದರಿಂದ, ಇದು ಮೇಲಿದ್ದರೆ ಎಲ್ಲವನ್ನೂ ಇದೇ ನುಂಗುತ್ತದೆ.

ಬರಿಯ ‘ಮಿಕ್ಸ್ ರನ್’ ಕೊಟ್ಟರೆ ಸರ್ವರ್ ಎದ್ದು ತಕ್ಷಣ ಮುಚ್ಚಿಕೊಳ್ಳುತ್ತದೆ, ‘--ನೋ-ಹಾಲ್ಟ್’ ಸೇರಿಸಿ. ಬರೆಯುವ ಹಂತದಲ್ಲಿ ‘ಐಇಎಕ್ಸ್ -ಎಸ್ ಮಿಕ್ಸ್’ ಒಳ್ಳೆಯದು, ಒಳಗೆ ‘ರೀಕಂಪೈಲ್’ ಎಂದರೆ ಸಾಕು. ‘ಇಎಡಿಡಿಆರ್‌ಇನ್‌ಯೂಸ್’ ಕಂಡರೆ ಇನ್ನೊಂದು ಟರ್ಮಿನಲ್‌ನಲ್ಲಿ ಹಳೆಯ ಸರ್ವರ್ ಓಡುತ್ತಿರಬಹುದು, ಇಲ್ಲವೇ ಬೇರೊಂದು ಪ್ರೋಗ್ರಾಂ ಅದೇ ಪೋರ್ಟ್ ಹಿಡಿದಿರಬಹುದು.

ಪ್ರಾಸೆಸ್ ಬಿದ್ದರೆ ಅದನ್ನು ಕಾಯುವ ಸೂಪರ್‌ವೈಸರ್ ಎಬ್ಬಿಸುತ್ತದೆ. ಆಟಿಯ ಮಳೆಗೆ ಕರೆಂಟ್ ಹೋಗಿ ಕಂಪ್ಯೂಟರೇ ಆರಿದರೆ ಅದರ ಆಟ ನಡೆಯದು. ಅದಕ್ಕೆ ಲಿನಕ್ಸ್ ಏಳುವಾಗಲೇ ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಮ್‌ಡಿ ಸರ್ವಿಸ್ ಬರೆದು ‘ಎನೇಬಲ್’ ಮಾಡಿಡಿ.