ದಾರ, ಗುಂಡು, ಗಡಿಯಾರ: ಗುರುತ್ವವನ್ನು ಮನೆಯಲ್ಲೇ ಅಳೆಯುವುದು ಹೇಗೆ?

ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎನ್ನುವುದೇ ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’; ಅದರ ಬೆಲೆ 9.8 (ಮೀಟರ್/ಸೆಕೆಂಡ್²) ಎಂದು ಪಠ್ಯಪುಸ್ತಕದಲ್ಲೇ ಇದೆ. ಹಾಗಾಗಿ ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗಬಿಟ್ಟ ಗುಂಡಿನ, ಪ್ರಯೋಗ ಮಾಡುವಾಗ ಎಷ್ಟೋ ವಿದ್ಯಾರ್ಥಿಗಳು ಅದೇ ಸಂಖ್ಯೆ ಬರುವಂತೆ ಲೆಕ್ಕ ತಿದ್ದಿಬಿಡುತ್ತಾರೆ. ಹಾಗೆ ತಿದ್ದಿದ ಉತ್ತರದಿಂದ ಕಲಿಯುವುದು ಏನೂ ಇಲ್ಲ. ನಮ್ಮ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ತಪ್ಪು ಎಲ್ಲಿಂದ ನುಸುಳಿತು ಎಂದು ಪತ್ತೆ ಹಚ್ಚುವುದೇ ಈ ಪ್ರಯೋಗದ ಜೀವ. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ.

ಬೇಕಾದವು: ಹಿಗ್ಗದ ಹತ್ತಿ ದಾರ ಒಂದೂವರೆ ಮೀಟರ್, ಸುಮಾರು 2 ಸೆಂ.ಮೀ. ವ್ಯಾಸದ ಲೋಹದ ಗುಂಡು, ಟೇಪು, ಮೊಬೈಲಿನ ಸ್ಟಾಪ್‌ವಾಚ್, ಅಲುಗಾಡದ ಆಧಾರ. ರಬ್ಬರ್ ಎಳೆ ಸೇರಿದ ದಾರ ಬೇಡ.

ಕಟ್ಟುವುದು

ದಾರವನ್ನು ಮೊಳೆಗೆ ಗಂಟು ಹಾಕಿ ಇಳಿಬಿಡಬೇಡಿ. ಗುಂಡು ತೂಗುವಾಗ ದಾರ ಮೊಳೆಯ ಸುತ್ತ ಸ್ವಲ್ಪ ಸುತ್ತಿ ಬಿಚ್ಚುತ್ತದೆ, ಉದ್ದ ಪ್ರತಿ ತೂಗಿನಲ್ಲೂ ಬದಲಾಗುತ್ತದೆ. ಎರಡು ಚಪ್ಪಟೆ ಮರದ ತುಂಡುಗಳ ನಡುವೆ ದಾರವನ್ನು ಅದುಮಿ ಬಿಗಿ ಮಾಡಿ. ಪ್ರಯೋಗಾಲಯದಲ್ಲಿ ಸೀಳಿದ ಬಿರಡೆ ಬಳಸುವುದೂ ಇದಕ್ಕಾಗಿಯೇ.

ಗುಂಡು ಕಟ್ಟಿ ಹತ್ತು ನಿಮಿಷ ಹಾಗೇ ಬಿಡಿ. ದಾರ ತನ್ನಷ್ಟಕ್ಕೆ ಎಳೆದುಕೊಂಡು ನಿಂತ ಮೇಲೆ ಉದ್ದ ಅಳೆಯಿರಿ, ಅದೂ ಗುಂಡು ತೂಗುಬಿದ್ದಿರುವಾಗಲೇ. ಬಿಗಿದ ಜಾಗದಿಂದ ಗುಂಡಿನ ಮೇಲ್ತುದಿಯವರೆಗೆ ಅಳೆದು, ಗುಂಡಿನ ತ್ರಿಜ್ಯ ಸೇರಿಸಿ. ಮೊದಲ ಸುತ್ತಿಗೆ ಒಟ್ಟು ಉದ್ದ 1 ಮೀಟರ್ ಇರಲಿ.

ಎಣಿಸುವುದು

ಗುಂಡು ನಿಶ್ಚಲವಾಗಿ ನಿಂತ ಜಾಗದ ಹಿಂದೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ನೇರ ಗೆರೆ ಎಳೆಯಿರಿ. ಗುಂಡನ್ನು ಪಕ್ಕಕ್ಕೆ 8–9 ಸೆಂ.ಮೀ. ಎಳೆದು, ತಳ್ಳದೆ ಬಿಟ್ಟುಬಿಡಿ. ಇದು ಸುಮಾರು 5 ಡಿಗ್ರಿ ಕೋನ. ಹೆಚ್ಚು ಎಳೆದರೆ ಮುಂದೆ ಲೆಕ್ಕಕ್ಕೆ ಬಳಸುವ ಸೂತ್ರವೇ ಕೈಕೊಡುತ್ತದೆ: ಆವರ್ತಕಾಲದಲ್ಲಿ (ಒಂದು ಆಂದೋಲನಕ್ಕೆ, ಅಂದರೆ ಗುಂಡು ಒಮ್ಮೆ ಹೋಗಿ ಬರಲು ಹಿಡಿಯುವ ಸಮಯದಲ್ಲಿ) 5 ಡಿಗ್ರಿಗೆ ವ್ಯತ್ಯಾಸ ಶೇ 0.05 ಮಾತ್ರ, 30 ಡಿಗ್ರಿಗೆ ಅದು ಶೇ 1.7ರಷ್ಟು ಹೆಚ್ಚುತ್ತದೆ. ಗುಂಡು ವೃತ್ತಾಕಾರದಲ್ಲಿ ಸುತ್ತತೊಡಗಿದರೆ ನಿಲ್ಲಿಸಿ ಮತ್ತೆ ಬಿಡಿ.

ಗಡಿಯಾರವನ್ನು ಗುಂಡು ತುದಿ ಮುಟ್ಟಿದಾಗ ಒತ್ತಬೇಡಿ. ತುದಿಯಲ್ಲಿ ಅದು ನಿಧಾನವಾಗಿ ತಿರುಗುವುದರಿಂದ ಕ್ಷಣ ಯಾವುದೆಂದು ಕಣ್ಣಿಗೆ ಗೊತ್ತಾಗದು. ನಡುವಿನ ಗೆರೆ ದಾಟುವಾಗ ವೇಗ ಅತಿ ಹೆಚ್ಚು, ಅಲ್ಲಿ ಅಂದಾಜು ಚುರುಕು. ಗೆರೆ ಒಂದೇ ದಿಕ್ಕಿನಲ್ಲಿ ದಾಟುವಾಗ ‘ಮೂರು, ಎರಡು, ಒಂದು, ಸೊನ್ನೆ’ ಎನ್ನುತ್ತ ಸೊನ್ನೆಗೆ ಒತ್ತಿ, ಇಪ್ಪತ್ತಕ್ಕೆ ನಿಲ್ಲಿಸಿ.

ಸೊನ್ನೆಯಿಂದ ಎಣಿಸಲು ಮರೆಯುವುದೇ ಈ ಪ್ರಯೋಗದ ಅತಿ ದೊಡ್ಡ ತಪ್ಪು. ಒತ್ತುವಾಗ ‘ಒಂದು’ ಎಂದರೆ ನೀವು ಅಳೆದದ್ದು 19 ಆಂದೋಲನ, ಭಾಗಿಸಿದ್ದು 20ರಿಂದ. ಆಗ ಜಿ ಸುಮಾರು 10.8 ಬರುತ್ತದೆ. ಎಷ್ಟು ಸಲ ಮಾಡಿದರೂ ಅಷ್ಟೇ ಬರುತ್ತದೆ, ಆದ್ದರಿಂದ ಸರಿಯೆನಿಸುತ್ತದೆ. ಒಂದೇ ಉತ್ತರ ಮತ್ತೆ ಮತ್ತೆ ಬಂದ ಮಾತ್ರಕ್ಕೆ ಅದು ನಿಜವಾಗದು.

ಐದು ಸಲ ಅಳೆಯಿರಿ. 40.1, 40.3, 40.2, 40.0, 40.4 ಸೆಕೆಂಡು ಬಂದವು ಎನ್ನೋಣ. ಸರಾಸರಿ 40.2, ಆವರ್ತಕಾಲ 2.01. ನಡುವೆ 42.2 ಎಂದೇನಾದರೂ ಬಂದರೆ ಅಳಿಸಬೇಡಿ: ಉಳಿದವುಗಳಿಗಿಂತ ಸರಿಯಾಗಿ ಒಂದು ಆವರ್ತಕಾಲದಷ್ಟು ಹೆಚ್ಚಿದೆ, ಅಂದರೆ ಎಣಿಕೆ ತಪ್ಪಿ ಒಂದು ಆಂದೋಲನ ಜಾಸ್ತಿ ಅಳೆದಿದ್ದೀರಿ. ಅದರ ಮೇಲೆ ಒಂದು ಗೆರೆ ಎಳೆದು ಕಾರಣ ಪಕ್ಕದಲ್ಲಿ ಬರೆಯಿರಿ.

ಲೆಕ್ಕ ಸುಲಭ. ಜಿ = 39.48 × ಉದ್ದ (ಮೀಟರಿನಲ್ಲಿ) ÷ ಆವರ್ತಕಾಲದ ವರ್ಗ. 39.48 ಎಂದರೆ ಪೈ ವರ್ಗದ ನಾಲ್ಕು ಪಟ್ಟು. ಮೇಲಿನ ಅಂಕಿಗಳಿಗೆ ಉತ್ತರ 9.77.

ಎಷ್ಟು ಅಂಕಿ ಬರೆಯಬೇಕು?

ಕ್ಯಾಲ್ಕುಲೇಟರ್ 9.7720 ಎಂದು ತೋರಿಸಿದರೂ ಅಷ್ಟೆಲ್ಲ ನಮ್ಮದಲ್ಲ. ಸ್ಟಾಪ್‌ವಾಚ್ ಸೆಕೆಂಡಿನ ನೂರನೇ ಒಂದು ಭಾಗ ತೋರಿಸುತ್ತದೆ, ಬೆರಳಿಗೆ ಅಷ್ಟು ಚುರುಕಿಲ್ಲ, ಸುಮಾರು 0.2 ಸೆಕೆಂಡಿನ ಅನುಮಾನ ಇದ್ದೇ ಇರುತ್ತದೆ. ಒಂದೇ ಆಂದೋಲನ ಅಳೆದರೆ 2 ಸೆಕೆಂಡಿನಲ್ಲಿ 0.2, ಶೇ 10. ಇಪ್ಪತ್ತು ಅಳೆದರೆ 40ರಲ್ಲಿ 0.2, ಶೇ 0.5. ಕಾಲ ವರ್ಗವಾಗಿ ಬರುವುದರಿಂದ ಜಿಯಲ್ಲಿ ಅದರ ಎರಡರಷ್ಟು, ಶೇ 1. ಉದ್ದದಲ್ಲಿ 1 ಮಿ.ಮೀ. ತಪ್ಪಿದರೆ ಶೇ 0.1 ಅಷ್ಟೇ. ಆದ್ದರಿಂದ ಶ್ರಮವನ್ನು ಗಡಿಯಾರದ ಕಡೆಗೆ ಹಾಕಿ, ಉತ್ತರವನ್ನು 9.8 ± 0.1 ಎಂದು ಬರೆಯಿರಿ.

ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಜಿ ಸುಮಾರು 9.78. ಈ ಚಿಕ್ಕ ವ್ಯತ್ಯಾಸ ನಿಮ್ಮ ಗುಂಡಿಗೆ ಕಾಣಿಸದು. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಝಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್‌ನಲ್ಲಿ ಇಂಥದ್ದೇ ವ್ಯತ್ಯಾಸ ಕಂಡರು: ಪ್ಯಾರಿಸ್ಸಿನಲ್ಲಿ ಸರಿಯಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ದಿನವಿಡೀ ಕೂಡಿಸಿದ್ದರಿಂದಲೇ ಅದು ಗೊತ್ತಾದದ್ದು.

ತೂಕ ಹೆಚ್ಚಿದರೆ?

ಭಾರದ ಗುಂಡು ನಿಧಾನವೋ ಬೇಗವೋ? ಮಾಡುವ ಮೊದಲೇ ನಿಮ್ಮ ಊಹೆಯನ್ನು ಬರೆದಿಡಿ, ಆಮೇಲೆ ಬದಲಿಸುವಂತಿಲ್ಲ. ನಂತರ ಒಂದನ್ನು ಮಾತ್ರ ಬದಲಿಸಿ. ಇಲ್ಲೊಂದು ಬಲೆ ಇದೆ: ಮೊದಲ ಗುಂಡಿನ ಕೆಳಗೆ ಇನ್ನೊಂದು ಕಟ್ಟಿದರೆ ತೂಕ ಹೆಚ್ಚುವ ಜೊತೆಗೆ ಅದರ ಕೇಂದ್ರವೂ ಕೆಳಗಿಳಿದು ಉದ್ದ ಹೆಚ್ಚುತ್ತದೆ, ‘ಭಾರವಾದದ್ದು ನಿಧಾನ’ ಎಂಬ ಸುಳ್ಳು ತೀರ್ಮಾನ ಬರುತ್ತದೆ. ಒಂದೇ ಗಾತ್ರದ ಗಾಜಿನ ಗೋಲಿ, ಉಕ್ಕಿನ ಗುಂಡು ಬಳಸಿದರೆ ಎರಡಕ್ಕೂ ಆವರ್ತಕಾಲ ಒಂದೇ.

ಕೊನೆಗೆ ನಕ್ಷೆ

ಉದ್ದವನ್ನು 40, 60, 80, 100, 120 ಸೆಂ.ಮೀ. ಮಾಡಿ ಪ್ರತಿ ಬಾರಿಯೂ ಅಳೆಯಿರಿ. ಅಡ್ಡ ಅಕ್ಷಕ್ಕೆ ಮೀಟರಿನಲ್ಲಿ ಉದ್ದ, ನೇರ ಅಕ್ಷಕ್ಕೆ ಆವರ್ತಕಾಲದ ವರ್ಗ. ಚುಕ್ಕಿಗಳು ಸರಳರೇಖೆಯಲ್ಲಿ ಬೀಳಬೇಕು, ಅದರ ಇಳಿಜಾರು, ಅಂದರೆ ಉದ್ದ 1 ಮೀಟರ್ ಹೆಚ್ಚಿದಾಗ ರೇಖೆ ಏರುವ ಪ್ರಮಾಣ, ಸುಮಾರು 4.04. 39.48ನ್ನು ಇಳಿಜಾರಿನಿಂದ ಭಾಗಿಸಿದರೆ ಜಿ.

ನಕ್ಷೆಯ ಬಲ ಇಷ್ಟೇ ಅಲ್ಲ. ಗುಂಡು ಸಿಗದಿದ್ದರೆ ಸೊಟ್ಟ ಕಲ್ಲೊಂದನ್ನು ಕಟ್ಟಿ. ಅದರ ಕೇಂದ್ರ ಎಲ್ಲಿದೆಯೋ ತಿಳಿಯದು, ಹಾಗಾಗಿ ಗಂಟಿನವರೆಗೆ ಮಾತ್ರ ಅಳೆಯಿರಿ. ಉದ್ದ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ ರೇಖೆ ಪಕ್ಕಕ್ಕೆ ಸರಿಯುತ್ತದೆ, ಇಳಿಜಾರು ಮಾತ್ರ ಬದಲಾಗದು. ರೇಖೆಯನ್ನು ಹಿಂದಕ್ಕೆ ಬೆಳೆಸಿದಾಗ ಅದು ಅಡ್ಡ ಅಕ್ಷವನ್ನು ಸೊನ್ನೆಯ ಎಡಕ್ಕೆ 4 ಸೆಂ.ಮೀ.ನಲ್ಲಿ ಮುಟ್ಟಿದರೆ, ಕಲ್ಲಿನ ಕೇಂದ್ರ ಗಂಟಿನಿಂದ ಸುಮಾರು 4 ಸೆಂ.ಮೀ. ಕೆಳಗಿದೆ. ಆಮೇಲೆ ಅದೇ ಕಲ್ಲನ್ನು ಸ್ಕೇಲಿನ ಅಂಚಿನ ಮೇಲೆ ಸಮತೋಲವಾಗಿ ನಿಲ್ಲಿಸಿ, ಆ ಜಾಗ ಗಂಟಿನಿಂದ ಎಷ್ಟು ದೂರವಿದೆ ಎಂದು ಅಳೆದು ಎರಡನ್ನೂ ಹೋಲಿಸಿ ನೋಡಿ.