ಶಿವರಾತ್ರಿಗೆ ಮುಂಚೆ ಬೇರು ಇಳಿಯಲಿ: ಗಂಗಾವತಿಯ ಮಾಳಿಗೆ ಮೇಲೆ ತರಕಾರಿ

ಜನವರಿಯಲ್ಲಿ ಬ್ಲೌಸ್ ಹೊಲಿಸಲು ಬರುವವರು ಅಳತೆ ಕೊಡುತ್ತಲೇ ಕೇಳುತ್ತಾರೆ: "ಅಕ್ಕಾ, ಬೆಂಡಿ ಬೀಜ ಹಾಕಿ ವಾರ ಆಯ್ತು, ಒಂದೂ ಎದ್ದಿಲ್ಲ. ಅಂಗಡಿಯವ ಹಳೇ ಬೀಜ ಕೊಟ್ಟಾನೇನು?" ಸಾಮಾನ್ಯವಾಗಿ ಬೀಜ ಚೆನ್ನಾಗಿಯೇ ಇರುತ್ತದೆ. ಮಣ್ಣು ತಣ್ಣಗಿರುತ್ತದೆ, ಅಷ್ಟೇ. ಗಂಗಾವತಿ ಬಿಸಿಲೂರು ಅಂತ ಎಲ್ಲರಿಗೂ ಗೊತ್ತು. ಆದರೆ ಡಿಸೆಂಬರ್, ಜನವರಿಯ ರಾತ್ರಿ ಇಲ್ಲೂ 15-16 ಡಿಗ್ರಿಗೆ ಇಳಿಯುತ್ತದೆ. ಮಾಳಿಗೆ ಮೇಲಿನ ಬಕೆಟ್‌ನಲ್ಲಿರುವುದು ಒಂದಿಷ್ಟೇ ಮಣ್ಣು, ಹೊಲದ ಮಣ್ಣಿಗಿಂತ ಬೇಗ ತಣ್ಣಗಾಗುತ್ತದೆ. ಬೆಂಡಿ, ಹೀರೆ, ಹಾಗಲ, ಸೌತೆ ಇವೆಲ್ಲ ಬಿಸಿ ಬೇಡುವ ಜಾತಿ. ಅಂಥ ಮಣ್ಣಿನಲ್ಲಿ ನೀರು ಕುಡಿದು ಸುಮ್ನೆ ಕೂರುತ್ತವೆ, ಕಡೆಗೆ ಕೊಳೆಯುತ್ತವೆ.

ಹಾಗಂತ ಚಳಿ ಪೂರ್ತಿ ಹೋಗಲಿ, ಆಮೇಲೆ ಬಿತ್ತೋಣ ಎನ್ನುವ ಹಾಗೂ ಇಲ್ಲ. ಶಿವರಾತ್ರಿಗೆ ಚಳಿ 'ಶಿವಶಿವಾ' ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ನಮ್ಮ ಕಡೆ ಓಡುವುದಷ್ಟೇ ಅಲ್ಲ, ಹಿಂದೆಯೇ ಬಿಸಿಲು ಬಂದು ಕೂರುತ್ತದೆ. ಸುತ್ತಲೂ ಬಂಡೆ ಬೆಟ್ಟ. ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಿರುತ್ತದೆ. ಅಷ್ಟರೊಳಗೆ ಬೇರು ಆಳಕ್ಕೆ ಇಳಿಸದ ಎಳೆ ಸಸಿ ಮೇ ತಿಂಗಳ 40 ಡಿಗ್ರಿಯನ್ನು ನೋಡುವುದೇ ಇಲ್ಲ. ಹಾಗಾಗಿ ಸಂಕ್ರಾಂತಿಯಿಂದ ಶಿವರಾತ್ರಿವರೆಗಿನ ಒಂದು, ಒಂದೂವರೆ ತಿಂಗಳೇ ನಮಗೆ ವಸಂತ ಇದ್ದ ಹಾಗೆ. ಮನೆ ತರಕಾರಿಯ ಹಣೆಬರಹ ಆಗಲೇ ಬರೆದಾಗುತ್ತದೆ.

ಈ ದಿನಗಳಲ್ಲಿ ಒಂದೇ ಮಾಳಿಗೆ ಮೇಲೆ ಎರಡು ಗುಂಪು ಇರುತ್ತವೆ. ಮೆಂತ್ಯ, ಕೊತ್ತಂಬರಿ, ಪಾಲಕ್, ಸಬ್ಬಸಗಿ, ಮೂಲಂಗಿ, ಗಜ್ಜರಿ ಚಳಿಯಲ್ಲಿ ಖುಷಿಯಾಗಿ ಬೆಳೆಯುವವು. ಇವನ್ನು ಬಿಸಿಲು ಏರುವ ಮುಂಚೆ ತಿಂದು ಮುಗಿಸಬೇಕು. ಬೆಂಡಿ, ಚವಳಿ (ಗೋರಿಕಾಯಿ), ಅಲಸಂದಿ, ಹೀರೆ, ಹಾಗಲ ಬಿಸಿಲಿನಲ್ಲಿ ಬೆಳೆಯುವವು, ಆದರೆ ಚಳಿಯಲ್ಲೇ ಎಬ್ಬಿಸಿಕೊಳ್ಳಬೇಕು. ಮೊದಲನೇ ಗುಂಪಿಗೆ ಜಾಸ್ತಿ ಹೇಳುವುದಿಲ್ಲ, ಅದು ಸುಲಭ. ಮೆಂತ್ಯ 25-30 ದಿನಕ್ಕೆ ಕೀಳಬಹುದು, ಮೂಲಂಗಿ 40-45 ದಿನಕ್ಕೆ. ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು. ಕೊತ್ತಂಬರಿ ಬೀಜವನ್ನು ಮಾತ್ರ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಿ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ, ಬಿಡಿಸಿದರೆ ಬೇಗ ಏಳುತ್ತವೆ. ಗಜ್ಜರಿಗೆ 90 ದಿನ ಬೇಕು. ಸಂಕ್ರಾಂತಿ ಆದ ಮೇಲೆ ಅದನ್ನು ಹಾಕಬೇಡಿ, ದೀಪಾವಳಿ ಮುಗಿದ ತಕ್ಷಣ ಹಾಕುವ ಬೆಳೆ ಅದು.

ಮಣ್ಣು ಮತ್ತು ಕುಂಡ

ನಮ್ಮ ಎರೆ ಮಣ್ಣು ಹೊಲಕ್ಕೆ ಬಂಗಾರ. ಕುಂಡದಲ್ಲಿ ಮಾತ್ರ ಒದ್ದೆಯಾದರೆ ಮೇಣದಂತೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಭಾರವೂ ಜಾಸ್ತಿ, ಮಾಳಿಗೆಗೆ ಒಳ್ಳೆಯದಲ್ಲ. ಮಸಾರಿ (ಕೆಂಪು) ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಒಂದು ಬುಟ್ಟಿ, ನೆಲ್ಲಿನ ಹೊಟ್ಟು ಒಂದು ಬುಟ್ಟಿ: ನಾನು ಬಳಸುವುದು ಇದನ್ನೇ. ಅಕ್ಕಿ ಗಿರಣಿಗಳ ಊರಿನಲ್ಲಿ ಹೊಟ್ಟಿಗೆ ಬರವಿಲ್ಲ. ಪೂರ್ತಿ ಬೂದಿಯಾಗದೆ ಕರ್ರಗೆ ಅರ್ಧ ಸುಟ್ಟ ಹೊಟ್ಟು ಸಿಕ್ಕರೆ ಅದು ಇನ್ನೂ ಚೆನ್ನ, ನೀರೂ ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಬಿಳಿ ಬೂದಿಯನ್ನು ಮಾತ್ರ ಬುಟ್ಟಿಗಟ್ಟಲೆ ಸುರಿಯಬೇಡಿ. ಬೂದಿಯಲ್ಲಿ ಕ್ಷಾರ ಇದೆ, ನಮ್ಮ ಮಣ್ಣು ನೀರು ಎರಡೂ ಮೊದಲೇ ಆ ಕಡೆಯವು. ಕ್ಷಾರ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುವುದಿಲ್ಲ. ಎಳೆ ಎಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ಕುಂಡಕ್ಕೆ ದುಡ್ಡು ಸುರಿಯಬೇಕಿಲ್ಲ. 20 ಲೀಟರ್‌ನ ಹಳೇ ಪೇಂಟ್ ಬಕೆಟ್ ತಳಕ್ಕೆ ನಾಲ್ಕೈದು ತೂತು ಹಾಕಿದರೆ ಬದನೆ, ಮೆಣಸಿನಕಾಯಿ, ಟೊಮೆಟೊಗೆ ಸರಿಯಾಗುತ್ತದೆ. ಅಕ್ಕಿ ಚೀಲ ಮನೆಮನೆಯಲ್ಲೂ ಇರುತ್ತದೆ, ಅದಕ್ಕೆ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಆ ಪ್ಲಾಸ್ಟಿಕ್ ನೂಲು ನಮ್ಮ ಬಿಸಿಲಿಗೆ ಪುಡಿಪುಡಿ ಆಗುತ್ತದೆ, ಮೇ ಹೊತ್ತಿಗೆ ಎತ್ತಲು ಹೋದರೆ ಕೈಗೆ ಬರುವುದು ಚೂರು. ಎರಡು ತಿಂಗಳ ಪಲ್ಲೆಗೆ ಪರವಾಗಿಲ್ಲ. ಬಳ್ಳಿಗೆ ಬೇಡ.

ಹಾಗಲ ಬೀಜವನ್ನು ಎಬ್ಬಿಸುವುದು

ಇದನ್ನು ಸಾವಕಾಶವಾಗಿ ಹೇಳುತ್ತೇನೆ, ಜನ ಸೋಲುವುದು ಇಲ್ಲೇ. ಹಾಗಲ ಬೀಜದ ಸಿಪ್ಪೆ ಗಟ್ಟಿ. ಒಂದು ತುದಿ ಚೂಪಾಗಿರುತ್ತದೆ, ಮೊಳಕೆ ಬರುವುದು ಅಲ್ಲಿಂದ. ಆ ತುದಿಯ ಪಕ್ಕದ ಅಂಚನ್ನು ಉಗುರು ಕತ್ತರಿಸುವ ಕಟರ್‌ನಿಂದ ಕೂದಲೆಳೆಯಷ್ಟು ಚಿವುಟಿ. ಸಿಪ್ಪೆ ಮಾತ್ರ ಕತ್ತರಿಸಬೇಕು, ಒಳಗಿನ ಬಿಳಿ ಬೇಳೆಗೆ ತಾಗಬಾರದು. ಕೈಗೆ ಹಿತವಾದ ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ನನ್ನ ಹತ್ತಿರ ಲೈನಿಂಗ್ ಬಟ್ಟೆಯ ತುಂಡು ಬೇಕಾದಷ್ಟು ಬಿದ್ದಿರುತ್ತವೆ, ಹಳೇ ಪಂಚೆ ತುಂಡಾದರೂ ನಡೆಯುತ್ತದೆ. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಮುಟ್ಟಿದರೆ ಹಸಿ ಇರಬೇಕು. ಅದನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಸಡಿಲವಾಗಿ ಮುಚ್ಚಿ, ಅಡುಗೆ ಕಟ್ಟೆ ಮೇಲೆ ರೊಟ್ಟಿ ಹಂಚು ಆರಲು ಇಡುವ ಜಾಗದ ಪಕ್ಕ ಇಡಿ. ಹಂಚಿನ ಮೇಲಲ್ಲ, ಪಕ್ಕ. ಡಬ್ಬಿ ಮುಟ್ಟಿದರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ರಾತ್ರಿ ಆ ಡಬ್ಬಿಯನ್ನು ಜೋಳದ ಚೀಲದ ನಡುವೆ ಇಟ್ಟರೆ ಬಿಸಿ ಇಳಿಯುವುದಿಲ್ಲ.

ದಿನಕ್ಕೊಮ್ಮೆ ಬಿಚ್ಚಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಬೀಜ ತೊಳೆದು ಬಟ್ಟೆ ಬದಲಿಸಿ. ಮೂರನೇ ದಿನದಿಂದ ಆರನೇ ದಿನದೊಳಗೆ ಚೂಪು ತುದಿ ಬಿರಿದು ಬೆಳ್ಳನೆ ಬೇರು ಇಣುಕುತ್ತದೆ. ಅದು ಜೋಳದ ಕಾಳಿನಷ್ಟು ಉದ್ದ ಇರುವಾಗಲೇ ನೆಡಬೇಕು. ಉದ್ದ ಆದರೆ ಬಟ್ಟೆಯ ಎಳೆಗೆ ಸಿಕ್ಕಿ ಮುರಿಯುತ್ತದೆ. ಬೇರು ಕೆಳಗೆ ಮಾಡಿ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ, ಮಧ್ಯಾಹ್ನದ ಹೊತ್ತು ಮಣ್ಣು ಬೆಚ್ಚಗಿರುವಾಗ ಇಡಿ. ಹೀರೆ, ಸೌತೆ, ಬೆಂಡಿಗೂ ಇದೇ ರೀತಿ, ಚಿವುಟುವುದೊಂದು ಬೇಡ. ಚವಳಿ, ಅಲಸಂದಿಯನ್ನು ಹೀಗೆ ಮಾಡಬೇಡಿ, ಜಾಸ್ತಿ ನೆನೆದರೆ ಬೇಳೆ ಒಡೆದು ಹಾಳಾಗುತ್ತವೆ. ಅವನ್ನು ಫೆಬ್ರವರಿ ಬಂದ ಮೇಲೆ ನೇರ ಮಣ್ಣಿಗೇ ಹಾಕಿ.

ಬೆಂಡಿಯಲ್ಲಿ ಬಿಸಿಲು ಏರಿದಂತೆ ಬಿಳಿ ನೊಣ ಬಂದು ಎಲೆಯ ನರ ಹಳದಿ ಮಾಡುವ ರೋಗ ಹಚ್ಚುತ್ತದೆ. ಅದನ್ನು ತಡೆಯಲೆಂದು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ ತಳಿ ಅರ್ಕಾ ಅನಾಮಿಕಾ. ಬೀಜ ಕೊಳ್ಳುವಾಗ ಹೆಸರು ಕೇಳಿ ಕೊಳ್ಳಿ.

ಟೊಮೆಟೊ ವಿಷಯ

ಸಂಕ್ರಾಂತಿ ಕಳೆದ ಮೇಲೆ ಟೊಮೆಟೊ ಬೀಜ ಹಾಕಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಸಸಿಯಾಗಲು ತಿಂಗಳು, ಹೂ ಬರಲು ಇನ್ನೊಂದು ತಿಂಗಳಿನ ಮೇಲೆ. ಅಷ್ಟೊತ್ತಿಗೆ ಮಾರ್ಚ್ ಕೊನೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಗಿಡ ಹಸಿರಾಗಿ ನಿಂತಿರುತ್ತದೆ, ಒಂದು ಕಾಯಿ ಇಲ್ಲ. ಬೀಜ ನವೆಂಬರ್‌ನಲ್ಲೇ ಹಾಕಬೇಕು. ತಪ್ಪಿದರೆ ನರ್ಸರಿಯಿಂದ ಸಸಿ ತಂದು ಜನವರಿಯಲ್ಲೇ ನೆಡಿ. ಕೆಳಗಿನ ಎಲೆ ಚಿವುಟಿ ಕಾಂಡವನ್ನು ಅರ್ಧದವರೆಗೆ ಹೂಳಿ, ಹೂತ ಕಾಂಡದಿಂದಲೂ ಬೇರು ಒಡೆಯುತ್ತವೆ. ಚಳಿಯಲ್ಲಿ ಎಳೆ ಸಸಿಯ ಎಲೆಯ ತಳ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೀಳಬೇಡಿ, ಗೊಬ್ಬರವನ್ನೂ ಸುರಿಯಬೇಡಿ. ತಣ್ಣನೆ ಮಣ್ಣಿನಲ್ಲಿ ಬೇರು ರಂಜಕ ಹೀರಿಕೊಳ್ಳುವುದು ಕಡಿಮೆ. ಬಿಸಿಲು ಬಂದಂತೆ ತಾನೇ ಸರಿಹೋಗುತ್ತದೆ. ಬದನೆ ಗಟ್ಟಿ ಜೀವ, ತಡವಾದರೂ ನಡೆಯುತ್ತದೆ. ಮೆಣಸಿನಕಾಯಿ ಬೀಜ ಚಳಿಯಲ್ಲಿ ಏಳಲು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ, ತಾಳ್ಮೆ ಬೇಕು.

ಜಾಗ, ನೀರು

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎಳೆ ಸಸಿಗಳನ್ನು ದಕ್ಷಿಣದ ಬಿಸಿಲು ಬೀಳುವ ಗೋಡೆಗೆ ಆನಿಸಿ ಇಡಿ, ಹಗಲು ಕಾದ ಗೋಡೆ ರಾತ್ರಿ ಕಾಯುತ್ತದೆ. ಕಪ್ಪು ಬಕೆಟ್ ಇದ್ದರೆ ಈಗ ಒಳ್ಳೆಯದು. ಸ್ಲ್ಯಾಬ್ ಮೇಲೆ ನೇರವಾಗಿ ಇಟ್ಟರೂ ಈಗ ಒಳ್ಳೆಯದೇ. ಭಾರತ ಹುಣ್ಣಿಮೆ ಕಳೆಯುತ್ತಿದ್ದ ಹಾಗೆ ಇದೆಲ್ಲವನ್ನೂ ತಿರುವು ಮುರುವು ಮಾಡಬೇಕು. ಬಕೆಟ್ ಕೆಳಗೆ ಇಟ್ಟಿಗೆ ಕೊಟ್ಟು ಸ್ಲ್ಯಾಬ್‌ನಿಂದ ಎತ್ತರಿಸಿ, ಹೊರಮೈಗೆ ಸುಣ್ಣ ಬಳಿಯಿರಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಕಡೆಗೆ ಸರಿಸಿ. ತುಂಬಿದ ಬಕೆಟ್ ಒಬ್ಬರೇ ಎತ್ತಬೇಡಿ, ಸೊಂಟ ಹಿಡಿಯುತ್ತದೆ. ಕೆಳಗೆ ಗೋಣಿಚೀಲ ಹಾಸಿ ಎಳೆದರೆ ಸಲೀಸು.

ಚಳಿಯಲ್ಲಿ ನೀರು ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಹಾಕಿ. ಸಂಜೆ ಹಾಕಿದರೆ ರಾತ್ರಿಯೆಲ್ಲ ಮಣ್ಣು ಒದ್ದೆಯಾಗಿ, ತಣ್ಣಗೆ ಇದ್ದು ಸಸಿ ಬುಡ ಕೊಳೆತು ಮುಗುಚಿ ಬೀಳುತ್ತದೆ. ಬೆರಳು ಚುಚ್ಚಿ ನೋಡಿ, ಒಂದು ಗೆಣ್ಣು ಒಣಗಿದ್ದರೆ ಮಾತ್ರ ನೀರು. ಏಪ್ರಿಲ್‌ನಲ್ಲಿ ಇದಕ್ಕೆ ವಿರುದ್ಧ: ಸಂಜೆ ಹಾಕಿ, ಪೈಪ್‌ನಲ್ಲಿ ನಿಂತ ಬಿಸಿ ನೀರನ್ನು ಮೊದಲು ಖಾಲಿ ಬಕೆಟ್‌ಗೆ ಬಿಟ್ಟು ಆಮೇಲೆ ಗಿಡಕ್ಕೆ ಹಿಡಿಯಿರಿ.

ಬೋರಿನ ನೀರು ಸವಳು ಇರುವವರಿಗೆ ಒಂದು ಮಾತು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದರೆ ಅದು ಉಪ್ಪು. ಎರಡು ವಾರಕ್ಕೊಮ್ಮೆ ತಳದ ತೂತಿನಿಂದ ಧಾರಾಳ ಹರಿಯುವಷ್ಟು ಒಳ್ಳೆಯ ನೀರು ಹಾಕಿ ತೊಳೆಯಬೇಕು. ಪಾಲಕ್, ಬೀಟ್‌ರೂಟ್ ಸವಳನ್ನು ತಡೆಯುತ್ತವೆ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ತಡೆಯುವುದಿಲ್ಲ. ಕಾಲುವೆ ನೀರಾವರಿಯ ಸೀಮೆಯಲ್ಲಿ ಸವಳು ಜವಳು ಹೊಸದಲ್ಲ. ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಇಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಮಾಳಿಗೆ ತೋಟದವರು ನಾವು, ನಮ್ಮನ್ನು ಯಾರು ಮಾತಾಡಿಸುತ್ತಾರೆ ಅಂತ ಹಿಂಜರಿಯಬೇಡಿ, ಹೋಗಿ ಕೇಳಿ.

ಹುಳ, ಹೂವು

ಚಳಿ ಇರುವಾಗ ಅಲಸಂದಿ, ಅವರೆ ಕುಡಿಗೆ ಕರಿ ಹೇನು ಮುತ್ತುತ್ತದೆ. ನೀರನ್ನು ಜೋರಾಗಿ ಚಿಮ್ಮಿಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ಸ್ವಲ್ಪ ಸೋಪಿನ ನೀರು, ಸಂಜೆ ಹೊತ್ತು ಎಲೆಯ ತಳಕ್ಕೆ ಬೀಳುವ ಹಾಗೆ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ಮೆಣಸಿನಕಾಯಿ ಎಲೆ ಮುದುಡಲು ಶುರುವಾಗುವುದು ಫೆಬ್ರವರಿ ಕೊನೆಗೆ. ಆಗ ವಾರಕ್ಕೊಮ್ಮೆ ಇದನ್ನೇ ಹೊಡೆಯಿರಿ.

ಹೀರೆ, ಹಾಗಲ ಬಳ್ಳಿಯಲ್ಲಿ ಮೊದಲ ಹೂಗಳೆಲ್ಲ ಗಂಡು ಹೂವೇ, ಉದುರುತ್ತವೆ. ಆಮೇಲೆ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಬರುತ್ತದೆ. ಎರಡನೇ, ಮೂರನೇ ಅಂತಸ್ತಿಗೆ ಜೇನು ಅಷ್ಟಾಗಿ ಬರುವುದಿಲ್ಲ. ಗಂಡು ಹೂ ಕಿತ್ತು ಪಕಳೆ ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹಾಗಲ, ಸೌತೆಗೆ ಬೆಳಿಗ್ಗೆ. ಹೀರೆ ಹೂ ಅರಳುವುದೇ ಸಂಜೆ, ಹಾಗಾಗಿ ಅದಕ್ಕೆ ದೀಪ ಹಚ್ಚುವ ಹೊತ್ತಿಗೆ ಮೇಲೆ ಹೋಗಬೇಕು. ಬೆಳಿಗ್ಗೆ ಹೋಗಿ ಹೀರೆಗೆ ಕಾಯಿ ಕಟ್ಟಲಿಲ್ಲ ಅನ್ನುವವರು ಬಹಳ ಜನ.

ಗೊಬ್ಬರಕ್ಕೆ ಒಂದು ಹಿಡಿ ಶೇಂಗಾ ಹಿಂಡಿಯನ್ನು ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿದರೆ ಸಾಕು. ವಾಸನೆ ಬರುತ್ತದೆ, ಪಕ್ಕದ ಮನೆಯವರು ಹಪ್ಪಳ ಒಣಹಾಕಿರುವ ದಿನ ಬೇಡ.

ಯುಗಾದಿ ಹೊತ್ತಿಗೆ

ಶಿವರಾತ್ರಿ ಆದ ವಾರದಲ್ಲೇ ನೆರಳು ಕಟ್ಟಿ. ಅರ್ಧ ಬಿಸಿಲು ತಡೆಯುವ ಹಸಿರು ಬಲೆ ಸಿಗುತ್ತದೆ, ಇಲ್ಲವೇ ಹಳೇ ಹತ್ತಿ ಸೀರೆ. ಪಶ್ಚಿಮದ ಕಡೆ ಇಳಿಬಿಡುವುದನ್ನು ಮರೆಯಬೇಡಿ, ಸಾಯುವಂಥ ಬಿಸಿಲು ಆ ಕಡೆಯದು. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ನೆಲ್ಲಿನ ಹುಲ್ಲು ಅಥವಾ ಹೊಟ್ಟು ಹೊದಿಸಿ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಬಳ್ಳಿಯನ್ನು ಕಟ್ಟಲು ತಂತಿ ಬೇಡ, ಅದು ಕಾದು ಕಾಂಡ ಕೊಯ್ಯುತ್ತದೆ. ಬಟ್ಟೆ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲ ಕಟ್ಟಿ.

ಮೆಂತ್ಯ, ಕೊತ್ತಂಬರಿ ಮುಗಿದ ಕುಂಡಗಳಿಗೆ ಪುಂಡಿ ಪಲ್ಲೆ, ರಾಜಗಿರಿ ಹಾಕಿ. ಇವೆರಡೂ ಬಿಸಿಲಿಗೆ ಅಂಜುವುದಿಲ್ಲ, ಚಿವುಟಿದಷ್ಟೂ ಕವಲೊಡೆಯುತ್ತವೆ. ನೀರಿನ ತೊಂದರೆ ಇರುವ ಮನೆಯಲ್ಲಿ ಎಲ್ಲ ಕುಂಡ ಉಳಿಸಲು ಹೋಗಬೇಡಿ. ಕಾಯಿ ಬಿಡುವ ಬದನೆ, ಹೀರೆ, ಚವಳಿ ಇಟ್ಟುಕೊಂಡು ಉಳಿದದ್ದನ್ನು ಖಾಲಿ ಮಾಡಿ. ಖಾಲಿ ಮಾಡಿದ ಮಣ್ಣನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲಿಟ್ಟು ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕೈದು ವಾರ ಬಿಡಿ. ರೋಗದ ಬೂಷ್ಟು, ಕಳೆ ಬೀಜ ಬಹುಪಾಲು ಬೆಂದು ಹೋಗುತ್ತವೆ. ಮೊದಲ ಮಳೆ ಬೀಳುವ ಮುಂಚೆ ಹಾಳೆ ತೆಗೆದು, ಬುಟ್ಟಿ ಗೊಬ್ಬರ ಬೆರೆಸಿ ಇಡಿ.