ಕಾಡಿನ ಶ್ರಮದಾನಕ್ಕೆ ಬರುವವರಿಗೆ: ಲಂಟಾನ ಮತ್ತೆ ಚಿಗುರದಂತೆ ತೆಗೆಯುವ ಬಗೆ

ಕಾಡಿನಲ್ಲಿ ಹಬ್ಬುವ ಕಳೆಪೊದೆ ಲಂಟಾನವನ್ನು ಮಚ್ಚಿನಿಂದ ಸವರಬೇಡಿ. ಪಿಕಾಸಿಯಿಂದ ಬುಡದ ಮಣ್ಣು ಬಿಡಿಸಿ, ನೆಲಮಟ್ಟಕ್ಕಿಂತ ಎರಡು ಇಂಚು ಕೆಳಗೆ ತಾಯಿಬೇರನ್ನು ಕಡಿದು, ಇಡೀ ಪೊದೆಯನ್ನು ಬೇರು ಮೇಲಾಗುವಂತೆ ಬೋರಲು ಹಾಕಿ. ಚಿಗುರು ಒಡೆಯುವುದು ಕಾಂಡವೂ ಬೇರೂ ಕೂಡುವ ಗಂಟಿನಿಂದ. ಅದು ಮಣ್ಣಿಗೆ ತಾಗದೆ ಬಿಸಿಲಿಗೆ ಒಣಗಿ ಸಾಯುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕಾಯಿ ಕಪ್ಪಾಗುವ ಮೊದಲೇ ಮಾಡಿ. ದೊಡ್ಡ ಮರಗಳ ಕೆಳಗೆ ಮಾತ್ರ ಇಷ್ಟು ಸಾಲದು: ಹಣ್ಣು ತಿಂದ ಪಿಕಳಾರ ಹಕ್ಕಿಗಳು ಕೊಂಬೆಯಲ್ಲಿ ಕುಳಿತು ಬೀಜ ಉದುರಿಸುತ್ತವೆ, ಮುಂದಿನ ಮಳೆಗಾಲಗಳಲ್ಲೂ ಸಸಿಗಳನ್ನು ಕೈಯಿಂದ ಕೀಳಲೇಬೇಕು. ಕಡಿದಾದ ಇಳಿಜಾರಿನಲ್ಲಿ ಒಮ್ಮೆಗೇ ಎಲ್ಲವನ್ನೂ ತೆಗೆದರೆ ಮಣ್ಣು ಕೊಚ್ಚಿಹೋಗುತ್ತದೆ. ಪಿಕಾಸಿ ಎತ್ತುವ ಮುನ್ನ ದಯವಿಟ್ಟು ಪೊದೆಯೊಳಗೆ ಬಗ್ಗಿ ನೋಡಿ. ಗೂಡಿದ್ದರೆ, ಮರಿ ಹಾರುವವರೆಗೆ ಅದನ್ನು ಮುಟ್ಟಬೇಡಿ.